ತಲೆ ಕೆಟ್ಟ ಹೊತ್ತು

ಕೊರಗಪ್ಪನಿಗೆ ಸಿಟ್ಟೇ ಇರಲಿಲ್ಲ. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಒಂಬತ್ತು ವರ್ಷ ಬಡಿಸಿದರೂ ಯಾರ ಮೇಲೂ ದನಿ ಏರಿಸಿದವನಲ್ಲ. ವಿಜಾಪುರದ ಶಂಕ್ರೆಪ್ಪ ಮೂರು ವರ್ಷದಿಂದ ದಿನಾ ಬಂದು, "ಇದೇನು ಸಾಂಬಾರೋ, ಪಾಯಸಾನೋ?" ಎಂದು ಬೈದರೂ ನಕ್ಕು ಇನ್ನೊಂದು ಸೌಟು ಬಡಿಸುತ್ತಿದ್ದ.

ಅಂಥವನು ಒಂದು ಮಧ್ಯಾಹ್ನ ಕಾಲು ಜಾರಿ, ಸಾಂಬಾರಿನ ಬಕೆಟ್ಟನ್ನು ಶಂಕ್ರೆಪ್ಪನ ತಲೆಗೆ ಟೋಪಿಯಂತೆ ತೊಡಿಸಿಬಿಟ್ಟ. ಶಂಕ್ರೆಪ್ಪ ನುಗ್ಗೆಕಾಯಿಯ ಸಮೇತ ಪೊಲೀಸ್ ಠಾಣೆಗೆ ಹೋದ.

೧೯೫೪ರ ಒಂದು ಸೋಮವಾರ ವಿಚಾರಣೆ. ಬೆಳಿಗ್ಗೆಯೇ ಮಾಲೀಕರು ಹೇಳಿದರು: "ಸಂಜೆಯೊಳಗೆ ಕೇಸು ಮುಗಿಸಿ ಬಂದರೆ ಕೆಲಸ ಉಂಟು. ಇಲ್ಲದಿದ್ದರೆ ಗಂಟು ಕಟ್ಟು."

"ಜಾರಿದ್ದು ಮಾರಾಯ್ರೆ," ಎಂದ ಕೊರಗಪ್ಪ, ಕೋರ್ಟಿನ ಮೆಟ್ಟಿಲ ಮೇಲೆ.

"ಅದನ್ನು ಯಾರು ನಂಬ್ತಾರೆ?" ಎಂದ ಜೊತೆಗೆ ಬಂದಿದ್ದ ಗಲ್ಲಾದ ಸದಾನಂದ. ಇಂಗ್ಲಿಷ್ ಪೇಪರಿನ ಕೊಲೆ ಸುದ್ದಿಗಳನ್ನೆಲ್ಲ ಓದಿ ಅವನು ಅರ್ಧ ವಕೀಲನಾಗಿದ್ದ. ಯಾವ ಅರ್ಧ ಎಂದು ಯಾರೂ ಕೇಳಿರಲಿಲ್ಲ. "ಸಿಟ್ಟು ಬಂತು ಅನ್ನು. ತಡೆಯಲಾಗದ ಸಿಟ್ಟಿನಲ್ಲಿ ಮಾಡಿದ್ದಕ್ಕೆ ಶಿಕ್ಷೆ ಕಮ್ಮಿ. ಕಾನೂನು ಉಂಟು."

"ನನಗೆ ಬರುವುದಿಲ್ಲವಲ್ಲ."

"ಬಂತು ಅಂತ ಹೇಳಲಿಕ್ಕೆ ಏನು ರೋಗ ನಿನಗೆ?"

ಕೊರಗಪ್ಪ ಒಳಗೆ ಹಾಗೆಯೇ ಹೇಳಿದ. ಮ್ಯಾಜಿಸ್ಟ್ರೇಟರು ನಂಬಲಿಲ್ಲ. ಎಮ್ಮೆಯಷ್ಟು ಸಮಾಧಾನವಾಗಿ ನಿಂತ ಈ ಮನುಷ್ಯನಿಗೆ ಸಿಟ್ಟೇ? ಕೃತ್ಯದ ಹೊತ್ತಿಗೆ ಆರೋಪಿಯ ಮನಸ್ಸು ಹೇಗಿತ್ತೆಂದು ಪರೀಕ್ಷಿಸಲು ಅಂದು ಕೋರ್ಟಿಗೇ ಬಂದಿದ್ದ ಮನೋವೈದ್ಯರಿಗೆ ಒಪ್ಪಿಸಿದರು. ಡಾಕ್ಟರಿಗೆ ಕನ್ನಡ ಬಾರದು. ಯಾರೂ ಕರೆಯದಿದ್ದರೂ ಸದಾನಂದ ದುಭಾಷಿಯಾಗಿ ಪಕ್ಕದ ಕೋಣೆಗೆ ನುಗ್ಗಿದ.

"ಆಗ ನಿನಗೆ ಏನಾಯಿತು?" ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು.

ಕೊರಗಪ್ಪ ಗಟ್ಟಿಮಾಡಿದ ಪಾಠ ಒಪ್ಪಿಸಿದ: "ತಲೆ ಕೆಟ್ಟಿತು."

ಸಿಟ್ಟಿಗೆ ನಾವೆಲ್ಲ ಆಡುವ ಮಾತು. ಸದಾನಂದ ಅದನ್ನು ಇದ್ದ ಹಾಗೇ ಇಂಗ್ಲಿಷಿಗೆ ಇಳಿಸಿದ: "ಬ್ರೇನ್ ಬ್ಯಾಡ್, ಸರ್."

ಡಾಕ್ಟರ ಪೆನ್ನು ನಿಂತಿತು. "ಎಂದಿನಿಂದ?"

"ಶಂಕ್ರೆಪ್ಪನವರು ಬರಲಿಕ್ಕೆ ಶುರುಮಾಡಿದಲ್ಲಿಂದ. ಮೂರು ವರ್ಷ."

"ಥ್ರೀ ಇಯರ್ಸ್ ಬ್ಯಾಡ್, ಸರ್. ಡೈಲಿ."

"ಯಾರಿಗೂ ಗೊತ್ತಾಗಲಿಲ್ಲವೇ?"

"ನಾನು ನಗುತ್ತಿದ್ದೆನಲ್ಲ."

"ಹಿ ಲಾಫಿಂಗ್, ಸರ್."

ಡಾಕ್ಟರು ಕುರ್ಚಿಯನ್ನು ಒಂದಡಿ ಹಿಂದೆ ಸರಿಸಿದರು.

ಅಂದೇ ಮಧ್ಯಾಹ್ನ ಮತ್ತೆ ಕೋರ್ಟು ಕೂತಾಗ ಶಂಕ್ರೆಪ್ಪ ಎದ್ದು ನಿಂತ. ಕೈಯಲ್ಲಿ ರಾಜಿಪತ್ರ. "ಸಾಹೇಬ್ರ, ಕೇಸ್ ವಾಪಸ್ ತಗೋತೀನ್ರಿ. ಕೇಸ್ ಆದಾಗಿಂದ ಈಂವನ್ನ ಪಾತ್ರಿ ತೊಳ್ಯಾಕ ಹಚ್ಯಾರ. ಬ್ಯಾರೆಯವ್ರಿಗೆ ಬೈದ್ರ ತಿರುಗಿ ಬೈತಾರ. ಊಟಾನ ಸೇರವಲ್ದು."

ಮ್ಯಾಜಿಸ್ಟ್ರೇಟರು ಡಾಕ್ಟರ ವರದಿ ಎತ್ತಿ ತೋರಿಸಿದರು. "ರಾಜಿಗೆ ಇಬ್ಬರ ಸಹಿ ಬೇಕು. ಹುಚ್ಚನ ಸಹಿ ನಡೆಯುವುದಿಲ್ಲ. ಆಸ್ಪತ್ರೆಗೆ ಕಳಿಸಿ."

ಆಗ ಕೊರಗಪ್ಪನಿಗೆ ಹುಟ್ಟಿದ ಮೇಲೆ ಮೊದಲ ಸಲ ಸಿಟ್ಟು ಬಂತು. ಸದಾನಂದನ ಕುತ್ತಿಗೆಗೇ ಕೈ ಹಾಕಿದ. ಬಿಡಿಸಲು ಮೂವರು ಪೊಲೀಸರು ಬೇಕಾದರು.

"ನೋಡಿದಿರಾ?" ಎಂದು ಡಾಕ್ಟರು ತೃಪ್ತಿಯಿಂದ ವರದಿಗೆ ಇನ್ನೊಂದು ಸಾಲು ಸೇರಿಸಿದರು.

ಹೋದದ್ದು ಇಷ್ಟು: ಒಂದು ಕೆಲಸ, ಹೋಟೆಲಿನಲ್ಲಿ ಮಲಗಲಿಕ್ಕಿದ್ದ ಒಂದು ಬೆಂಚು, ಆಸ್ಪತ್ರೆಯಲ್ಲಿ ಹದಿನಾಲ್ಕು ತಿಂಗಳು, ಸದಾನಂದನ ಅಂಗಿಯ ಎರಡು ಗುಂಡಿ.