ಗಾಜು ಏರಿಸಿದ ಕಾರಿನಲ್ಲಿ ಅವ್ವ

ಪಾಠ ಹೇಳುವವರಿಗೆ ಒಂದು ಕಾಯಿಲೆಯಿದೆ. ಬಾಯಲ್ಲಿ ಹೇಳಿದ್ದನ್ನೆಲ್ಲ ಕೈಯಲ್ಲೂ ಮಾಡಿಬಿಟ್ಟಿದ್ದೇವೆ ಎಂದು ನಂಬುವುದು. ಚಳ್ಳಕೆರೆಯಲ್ಲಿ ವಿಜ್ಞಾನ ಕಲಿಸುವ ನನಗೆ ಅದು ಎಷ್ಟು ಬಲಿತಿದೆ ಎಂದು ಈ ಬೇಸಿಗೆಯಲ್ಲಿ ತಿಳಿಯಿತು.

ಅವ್ವನಿಗೆ ಸೀರೆ ಕೊಡಿಸಲು ಮೊಳಕಾಲ್ಮುರಿಗೆ ಕಾರಿನಲ್ಲಿ ಹೊರಟಿದ್ದೆ. ದಾರಿಯಲ್ಲಿ ಸಿಗುವ ಸಿದ್ದಾಪುರದ ಗೆಳೆಯನೊಬ್ಬ, ಊರವರಿಗೆ ಈ ಬಿಸಿಲೇಕೆ ಹೆಚ್ಚುತ್ತಿದೆ ಎಂದು ಐದು ನಿಮಿಷ ಹೇಳಿ ಹೋಗು ಎಂದ. ಹಿಂದಿನ ಸೀಟಿನಲ್ಲಿದ್ದ ಮಂಡಿನೋವಿನ ಅವ್ವ ಇಳಿಯಲೊಲ್ಲೆ ಎಂದಳು. ಸಭೆ ಸೇರಿದ್ದ ಸಮುದಾಯ ಭವನದ ಹೊರಗೆ ಕಾರು ನಿಲ್ಲಿಸಿ, ಧೂಳು ಬಾರದಿರಲೆಂದು ಗಾಜು ಏರಿಸಿದೆ. ಓಡುವ ಕಾರಿನ ಬಾಗಿಲು ತೆಗೆಯುವ ಅಭ್ಯಾಸ ಅವಳಿಗೆ ಇದ್ದುದರಿಂದ, ಹಿಂದಿನ ಬಾಗಿಲು ಒಳಗಿನಿಂದ ತೆರೆಯದಂತೆ ಮೊದಲೇ ಮಾಡಿದ್ದೆ.

ಮೈಕು ಸಿಕ್ಕ ಮೇಲೆ ಐದು ನಿಮಿಷ ಎಲ್ಲಿ ಸಾಕಾಗುತ್ತದೆ? ಬಿಸಿಲಿಗೆ ಕಾದ ನೆಲ ಶಾಖವನ್ನು ಮೇಲಕ್ಕೆ ಬಿಡುತ್ತದೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು, ನೀರಾವಿ ಅದನ್ನು ಹೀರಿ ಒಂದಷ್ಟನ್ನು ನಮ್ಮ ಮೇಲೇ ಮರಳಿಸುತ್ತವೆ, ಅದಿಲ್ಲದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು, ಆದರೆ ನಾವು ಪೆಟ್ರೋಲು, ಕಲ್ಲಿದ್ದಲು ಸುಟ್ಟು ಆ ಹೊದಿಕೆಯನ್ನು ದಪ್ಪ ಮಾಡುತ್ತಿದ್ದೇವೆ ಎಂದೆಲ್ಲ ವಿವರಿಸಿದೆ. ಹಿಂದಿನ ಸಾಲಿನ ಅಜ್ಜನ ಮುಖದಲ್ಲಿ ಏನೂ ಇಳಿದ ಹಾಗೆ ಕಾಣಲಿಲ್ಲ. ಸುಲಭವಾಗಲೆಂದು, "ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರನ್ನು ನೆನೆಸಿಕೊಳ್ಳಿ. ಬೆಳಕು ಒಳಗೆ ಹೋಗುತ್ತದೆ, ಬಿಸಿಗಾಳಿಗೆ ಹೊರಗೆ ದಾರಿಯಿಲ್ಲ. ಅದರೊಳಗೆ ಯಾರಾದರೂ ಕೂತಿದ್ದರೆ..." ಎಂದೆ.

ಮೈಕು ಕೈಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಕಾರಿನ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಸುತ್ತ ತಿರುಗಿ ನೋಡಿದೆ. ಆಚೆ ಬೇವಿನ ನೆರಳಲ್ಲಿ ಅವ್ವ ಕೂತಿದ್ದಳು, ಮುಖ ಕೆಂಪಗೆ, ಸೆರಗು ಒದ್ದೆ. ಕುರಿ ಕಾಯುವ ಹೆಂಗಸೊಬ್ಬಳು ತನ್ನ ಬಾಟಲಿಯಿಂದ ನೀರು ಕುಡಿಸುತ್ತಿದ್ದಳು. ಗಾಜು ಬಡಿಯುವುದನ್ನು ಕಂಡು ಹೊರಗಿನಿಂದ ಬಾಗಿಲು ತೆಗೆದವಳು ಅವಳೇ. ಕಾರಿಗೆ ಬೀಗ ಹಾಕಲು ನಾನು ಮರೆತಿದ್ದೆ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಕೆ ತೆಲುಗು, ಕನ್ನಡ ಎರಡರಲ್ಲೂ ನನಗೆ ಬೈದಳು. ಎರಡೂ ಚೆನ್ನಾಗಿ ಅರ್ಥವಾಯಿತು.

ಅವ್ವ ಉಸಿರು ಸುಧಾರಿಸಿಕೊಂಡು, ಅಷ್ಟು ಹೊತ್ತು ಒಳಗೆ ಏನು ಹೇಳುತ್ತಿದ್ದೆ ಎಂದು ಕೇಳಿದಳು. ತಲೆತಗ್ಗಿಸಿ ಎಲ್ಲವನ್ನೂ ಹೇಳಿದೆ, ಕಾರಿನ ಉದಾಹರಣೆಯನ್ನೂ.

"ಇಷ್ಟೆಲ್ಲಾ ಗೊತ್ತಿದ್ದೂ ಗಾಜು ಏರಿಸಿ ಹೋದ್ಯೇನೋ?" ಅಂದಳು.

ಅವಳು ಹತ್ತುವ ಹೊತ್ತಿಗೆ ಒಳಗೆ ತಂಪಾಗಿರಲೆಂದು ಎಂಜಿನ್ ಚಾಲೂ ಮಾಡಿ, ಎಸಿ ಪೂರ್ತಿ ತಿರುಗಿಸಿ, ಬಂದು ಪಕ್ಕದಲ್ಲಿ ಕೂತೆ. ಕಾರು ನಿಂತಲ್ಲೇ ಕಾಲು ಗಂಟೆ ಹೊಗೆ ಬಿಟ್ಟಿತು. ಸಭೆಯಿಂದ ಬಂದ ಜನ ಹೊಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಭಾಷಣ ಚೆನ್ನಾಗಿತ್ತು ಮೇಷ್ಟ್ರೇ ಎಂದು ಹೇಳಿ ಹೋದರು.