ಐದನೆಯ ಮನೆಯ ಮೌನ

ನಾನು ನೋಡದೇ ಇದ್ದಾಗ ಲೋಕದಲ್ಲಿ ಏನೂ ನಡೆಯುವುದಿಲ್ಲ ಎಂಬ ಗಟ್ಟಿ ನಂಬಿಕೆ ನನಗೆ ಚಿಕ್ಕಂದಿನಿಂದಲೂ ಇದೆ. ಇದರಿಂದ ಇಷ್ಟು ದಿನ ತೊಂದರೆಯೇನೂ ಆಗಿರಲಿಲ್ಲ. ನೋಡದೇ ಬಿಟ್ಟದ್ದು ಗೊತ್ತಾಗುವುದಾದರೂ ಹೇಗೆ?

ಹೆಬ್ಬಗೋಡಿಯ ಹತ್ತಿರ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ರಾಗಿ ಪೈರಿನೊಳಗಿನ ಪುಟಾಣಿ ಆರ್‌ಎನ್‌ಎಗಳ ಬೆನ್ನು ಹತ್ತುವುದು. ಇವು ಪ್ರೋಟೀನು ಗೀಟೀನು ಏನನ್ನೂ ತಯಾರಿಸುವುದಿಲ್ಲ. ತಯಾರಿಸುವ ಬೇರೆ ಜೀನ್‌ಗಳಿಗೆ "ಸಾಕು, ನಿಲ್ಸು" ಎನ್ನುವುದೇ ಇವುಗಳ ಉದ್ಯೋಗ. ನಮ್ಮ ಮ್ಯಾನೇಜರ ಉದ್ಯೋಗವೂ ಅದೇ ಆದ್ದರಿಂದ ನನಗೆ ವಿಷಯ ಬೇಗ ಅರ್ಥವಾಯಿತು. ಇಂಥ ಆರ್‌ಎನ್‌ಎ ಹುಟ್ಟಿಸುವ ಜೀನ್‌ಗಳಲ್ಲಿ ನನ್ನ ಪಾಲಿಗೆ ಬಂದ ಕುಟುಂಬದಲ್ಲಿ ಐದು ಜನ. ನಾಲ್ವರು ಒಂದೇ ಕಡೆ ಸಾಲಾಗಿದ್ದಾರೆ. ಒಂದೇ ಸ್ವಿಚ್ಚಿಗೆ ಒಟ್ಟಿಗೆ ಬಾಯಿ ಬಿಡುತ್ತಾರೆ. ಐದನೆಯದು ದೂರದಲ್ಲಿ ಒಂಟಿ. ಒಂದು ವರ್ಷ ಕಾದರೂ ಅದರ ಸದ್ದಿಲ್ಲ. "ಇದು ಕೆಟ್ಟುಹೋದ ಜೀನ್, ಮೂಗ" ಎಂದು ವರದಿ ಬರೆದು, ಸೋಮವಾರ ಎಲ್ಲರೆದುರು ಹೇಳಲು ಸಿದ್ಧನಾದೆ. ವರ್ಷದ ದುಡಿಮೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಶನಿವಾರ ನಮ್ಮ ಮನೆ ಓನರ್ ಮುನಿಲಕ್ಷ್ಮಮ್ಮ ಮೋಟಾರ್ ಹಾಕಲು ಬಂದಾಗ, ಅವರಿಗೂ ಸ್ವಲ್ಪ ವಿಜ್ಞಾನ ಬಡಿಸೋಣವೆನಿಸಿತು.

"ನಿಮ್ಮ ವಠಾರದ ಥರಾನೇ ಕಣಮ್ಮ. ನಾಲ್ಕು ಮನೆ ಸಾಲಾಗಿ, ಎಲ್ಲದಕ್ಕೂ ಒಂದೇ ಮೋಟ್ರು. ಹಿಂದುಗಡೆ ಐದನೇ ಮನೆ ಖಾಲಿ ಬಿದ್ದಿದೆಯಲ್ಲ, ಹಾಗೇ ನಮ್ಮ ಐದನೇ ಜೀನೂ."

"ಖಾಲಿನಾ? ಯಾರಪ್ಪಾ ಅಂಗಂದಿದ್ದು? ಆಸ್ಪತ್ರೆ ನರ್ಸಮ್ಮ ಅವ್ಳೆ ಅಲ್ಲಿ. ರಾತ್ರಿ ಡ್ಯೂಟಿ. ನೀನು ಬೆಳಿಗ್ಗೆ ಅತ್ಲಾಗೆ ಓದ್ರೆ ಅವ್ಳು ಇತ್ಲಾಗೆ ಬತ್ತಾಳೆ. ನೀನ್ಯಾವಾಗ ನೋಡ್ದೆ?"

ನಾನು ಹಿಂದಿನ ಮನೆಯ ಕಡೆ ತಿರುಗಿ ನೋಡಿದೆ. ಆ ಮನೆಯ ಮುಂದಿನ ಹಗ್ಗದ ಮೇಲೆ ಎಂಟು ತಿಂಗಳಿಂದ ನನ್ನ ಬಟ್ಟೆಗಳೇ ಒಣಗುತ್ತಿವೆ. ಮಳೆ ಬಂದ ದಿನ ಯಾರೋ ಅವನ್ನೆಲ್ಲ ನೀಟಾಗಿ ಮಡಿಸಿ, ಚೀಲದಲ್ಲಿ ನನ್ನ ಬಾಗಿಲಿಗೆ ನೇತುಹಾಕಿರುತ್ತಿದ್ದರು. ಒಂಟಿ ಬಾಡಿಗೆದಾರನ ಮೇಲೆ ಮುನಿಲಕ್ಷ್ಮಮ್ಮನಿಗೆ ಎಷ್ಟು ಅಕ್ಕರೆ ಎಂದುಕೊಂಡು ಹಬ್ಬಕ್ಕೆ ಅವರಿಗೊಂದು ಡಬ್ಬ ಮೈಸೂರುಪಾಕ್ ಕೊಟ್ಟಿದ್ದೆ. ಯಾಕೆ ಏನು ಎಂದು ಕೇಳದೆ ಅವರೂ ತಿಂದು ಮುಗಿಸಿದ್ದರು.

"ನೀನ್ಯಾವಾಗ ನೋಡ್ದೆ?" ಎಂಬ ಮಾತು ತಲೆಯಿಂದ ಹೋಗಲಿಲ್ಲ. ನಿಜ ಹೇಳುತ್ತೇನೆ, ವರ್ಷವಿಡೀ ನಾನು ರಾಗಿ ಎಲೆ ಕಿತ್ತದ್ದು ಹನ್ನೊಂದು ಗಂಟೆಗೆ, ಟೀ ಕುಡಿದ ಮೇಲೆ. ಭಾನುವಾರ ಬೆಳಗಾಗುತ್ತಲೇ ಲ್ಯಾಬಿಗೆ ಓಡಿ ಎಲೆ ಕಿತ್ತೆ. ಸಂಜೆ ಫಲಿತಾಂಶ ನೋಡಿದರೆ, ಮೂಗ ಎಂದುಕೊಂಡಿದ್ದ ಐದನೆಯದು ವಟವಟ ಮಾತಾಡುತ್ತಿದೆ! ರಾತ್ರಿಯೇ ಕೂತು ವರದಿ ತಿದ್ದಿದೆ. ಸೋಮವಾರ ನಮ್ಮ ಮ್ಯಾನೇಜರು ಮೊದಲ ಬಾರಿಗೆ "ಸಾಕು" ಎನ್ನದೆ ಕೊನೆಯವರೆಗೂ ಕೇಳಿದರು. ನನಗೆ ಖುಷಿಯೋ ಖುಷಿ.

ಮಧ್ಯಾಹ್ನವೇ ಮನೆಗೆ ಬಂದು, ಇನ್ನೊಂದು ಡಬ್ಬ ಮೈಸೂರುಪಾಕ್ ಹಿಡಿದು ಐದನೆಯ ಮನೆಯ ಬಾಗಿಲು ತಟ್ಟಿದೆ. ನನ್ನ ಅಕ್ಕನ ವಯಸ್ಸಿನ ನರ್ಸಮ್ಮ ಹೊರಗೆ ಬಂದರು.

"ಓ, ಮುಂದಿನ ಮನೆಯವ್ರಾ? ನಿಮ್ಮ ತಾತ ಹೇಗಿದಾರೆ? ಹಗ್ಗದ ಮೇಲೆ ಅವರ ಬನಿಯನ್ ತೂತು ನೋಡಿದ್ರೆ ಅಯ್ಯೋ ಅನ್ಸತ್ತೆ. ವಯಸ್ಸಾದವ್ರು ಪಾಪ, ಬಗ್ಗೋಕಾಗಲ್ಲ ಅಂತ ನಾನೇ ಮಡಿಸಿಡ್ತೀನಿ."

"ಚೆನ್ನಾಗಿದಾರೆ ಅಕ್ಕ" ಎಂದೆ. ಮಳೆಗಾಲ ಇನ್ನೂ ಮುಗಿದಿರಲಿಲ್ಲ.