ಸಮರ್ಪಕ ಶೋಧಕ

ನಾನು ಮೊದಲ ಬಾರಿಗೆ ಮನೆ ಬಿಟ್ಟು ನಡೆದದ್ದು ಐದನೇ ಕ್ಲಾಸಿನ ಗಣಿತ ಪರೀಕ್ಷೆಯ ಸೋಮವಾರ. ಅಂದಿನಿಂದ ಯಾವ ಜಾಗದಲ್ಲೂ ಒಂದು ವರ್ಷ ಪೂರ್ತಿ ನಿಂತವನಲ್ಲ. ವಿಲೆ ಪಾರ್ಲೆಯ ಕನ್ನಡ ಸ್ನೇಹವರ್ಧಕ ಸಂಘದಲ್ಲಿ ಮಾತ್ರ ವರ್ಷ ದಾಟಿಯೂ ನಿಂತೆ. ಕಾರಣ ಎರಡು ಮೀನು.

ಸಂಘದಲ್ಲಿ ನನ್ನ ಹುದ್ದೆ ಸಭಾಂಗಣ ಸಹಾಯಕ, ಅಂದರೆ ಕುರ್ಚಿ ಹಾಕುವುದು, ಕುರ್ಚಿ ತೆಗೆಯುವುದು. ದಾನಿಯೊಬ್ಬರು ಸಾವಿರ ಲೀಟರಿನ ಗಾಜಿನ ತೊಟ್ಟಿಯನ್ನೂ ಎರಡು ಆಸ್ಕರ್ ಮೀನುಗಳನ್ನೂ ಕೊಟ್ಟರು. ಫಿಲ್ಟರ್ ಕೊಡಲಿಲ್ಲ. ಆಸ್ಕರ್ ಮೀನು ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ವಾರದಲ್ಲಿ ನೀರು ಮಜ್ಜಿಗೆಯಾಯಿತು. ನಾನು ದಿನಾ ಬಾಲ್ದಿಯಲ್ಲಿ ಕೊಳೆನೀರು ಮೊಗೆದು ಚೆಲ್ಲಿ, ಹಿಂದಿನ ದಿನ ಹಿಡಿದಿಟ್ಟ ನೀರು ಸುರಿಯುತ್ತಿದ್ದೆ. ತಪ್ಪಿಸಿದರೆ ಎರಡೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

ಧಾರಾವಿಯಲ್ಲಿ ಮೀನಿನ ಅಂಗಡಿ ಇಟ್ಟಿರುವ ಕಲಬುರಗಿ ಕಡೆಯ ಮುರ್ತುಜಾ ಬಂದು ನೋಡಿದರು. "ಇಷ್ಟ್ ದೊಡ್ಡ ಟಾಕಿಗೆ ಗಂಟೇಕ್ಕ ನಾಕು ಸಲ ಪೂರಾ ನೀರು ಸುತ್ತಬೇಕು ನೋಡ್ರಿ. ಸದ್ದು ಮಾಡೋದು ಹಾಕಬ್ಯಾಡ್ರಿ. ಒಳಗಿನ ಸ್ಪಂಜ್ ನಳದ ನೀರಾಗ ತೊಳಿಬ್ಯಾಡ್ರಿ. ಚಾಲೂ ಮಾಡಿದ ಮ್ಯಾಲೆ ಬಂದ್ ಮಾಡಬ್ಯಾಡ್ರಿ."

ಕಾರ್ಯದರ್ಶಿ ವಿನೋದಿನಕ್ಕ ಎಲ್ಲವನ್ನೂ ಬರೆದುಕೊಂಡರು. ಸಂಘದ ನಿಯಮದಂತೆ ಕಾಗದಪತ್ರವೆಲ್ಲ ಶುದ್ಧ ಕನ್ನಡದಲ್ಲೇ ಆಗಬೇಕು.

"ಫಿಲ್ಟರ್ ಅಂತಲೇ ಇರಲಿ ಅಕ್ಕ," ಅಂದೆ.

"ಫಿಲ್ಟರ್ ಅಂದ್ರೆ ನಮ್ಮವರಿಗೆ ಕಾಪಿ ಮಾರಾಯ. ನಾಳೆ ಆಡಿಟಿನವರು ಕಾಪಿ ಖರ್ಚಿಗೆ ಸೇರಿಸಿಯಾರು."

ಹೀಗೆ ಸಂಘದ ಮಾಸಿಕದಲ್ಲಿ ಪ್ರಕಟಣೆ ಹೊರಬಿತ್ತು: "ಮೀನುತೊಟ್ಟಿಗೆ ಸಮರ್ಪಕ ಶೋಧಕ ಬೇಕಾಗಿದೆ. ಗಂಟೆಗೆ ನಾಲ್ಕು ಸುತ್ತು ಕಡ್ಡಾಯ. ಸದ್ದು ಮಾಡತಕ್ಕದ್ದಲ್ಲ. ನಲ್ಲಿ ನೀರಿನಲ್ಲಿ ತೊಳೆಯತಕ್ಕದ್ದಲ್ಲ. ಒಮ್ಮೆ ಅಳವಡಿಸಿದ ಮೇಲೆ ನಿಲ್ಲಿಸುವಂತಿಲ್ಲ."

ಮೂವರು ಬಂದರು. ಮೂವರ ಕೈಯಲ್ಲೂ ಬಯೋಡೇಟಾ ಇತ್ತು. ಒಬ್ಬರ ಬಳಿಯೂ ಯಂತ್ರವಿರಲಿಲ್ಲ. ಶೋಧಕ ಎಂದು ಕರೆದು, ಸಂಶೋಧನೆ ಮಾಡಿದವರನ್ನು ವಾಪಸು ಕಳಿಸಿದರೆ ಭಾಷೆಗೆ ಅವಮಾನವೆಂದು ಸಮಿತಿ ಅಭಿಪ್ರಾಯಪಟ್ಟಿತು. ಶಾಸನಗಳಲ್ಲಿ ಕೆರೆ ಎಂಬ ವಿಷಯದಲ್ಲಿ ಡಾಕ್ಟರೇಟ್ ಪಡೆದ ರೋಶನ್ ಅವರಿಗೆ ನೀರಿನ ಅನುಭವವಿದೆ ಎಂದು ನೇಮಕವಾಯಿತು. ಅವರು ವಿನೋದಿನಕ್ಕನ ಅಕ್ಕನ ಮಗನಾಗಿರುವುದು ಕಾಕತಾಳೀಯವೆಂದು ನಡಾವಳಿಯಲ್ಲಿ ದಾಖಲಾಯಿತು.

ರೋಶನ್ ಗಂಟೆಗೆ ನಾಲ್ಕು ಸಲ ತೊಟ್ಟಿಯನ್ನು ಸುತ್ತಿದರು. ಸದ್ದಾಗಬಾರದೆಂದು ಬರಿಗಾಲಲ್ಲಿ ಸುತ್ತಿದರು. ಅವರ ಸ್ನಾನಕ್ಕೆ ಕ್ಯಾನ್ ನೀರು ಮಂಜೂರಾಯಿತು. ನಿಲ್ಲಿಸುವಂತಿಲ್ಲವಾದ್ದರಿಂದ ಕೆಲಸ ಕಾಯಂ ಆಯಿತು.

"ಅಣ್ಣ, ನೀವು ಸುತ್ತಿದ್ರೆ ನೀರು ಸುತ್ತುವುದಿಲ್ಲ," ಎಂದೆ.

"ಹಾಗಲ್ಲ ಐತ, ನಾನು, ವೋ ಕ್ಯಾ ಬೋಲ್ತೇ, ಥಿಯರಿ ಸೈಡ್. ಬಾಲ್ದಿ ಪ್ರಾಕ್ಟಿಕಲ್. ಅದು ನೀನು ಮಾಡು."

ಮಾಡಿದೆ. ನೀರು ತಕ್ಕಮಟ್ಟಿಗೆ ತಿಳಿಯಾಯಿತು, ಶ್ರೇಯಸ್ಸು ಶೋಧಕರಿಗೆ ಸಂದಿತು. ವರ್ಷ ದಾಟಿದ್ದರಿಂದ ನನ್ನ ಕಾಲು ಮಾತ್ರ ಹೊರಡಲು ತುರಿಸತೊಡಗಿತ್ತು. ವಿನೋದಿನಕ್ಕನ ಬಳಿ ಹೋಗಿ, ನಾನಿನ್ನು ಹೊರಡುತ್ತೇನೆ ಎಂದೆ.

"ನೀನು ಹೋದ್ರೆ ಮೀನಿಗೆ ಎಂತ ಆಗ್ತದೆ?"

"ಸಾಯ್ತವೆ."

"ಹಾಗಾದ್ರೆ ಶೋಧಕರಿಗೆ ಕೆಟ್ಟ ಹೆಸರು ಬರ್ತದೆ. ನಿನಗೆ ಹೋಗ್ಲಿಕ್ಕಿಲ್ಲ."

ಮರುದಿನ ಫಲಕದಲ್ಲಿ ಆದೇಶವಿತ್ತು. ಸಭಾಂಗಣ ಸಹಾಯಕ ಐತನನ್ನು ಇನ್ನು ಮುಂದೆ ಶೋಧಕದ ಬಿಡಿಭಾಗವೆಂದು ಪರಿಗಣಿಸತಕ್ಕದ್ದು. ಬಿಡಿಭಾಗಗಳಿಗೆ ರಜೆಯ ಸೌಲಭ್ಯವಿರುವುದಿಲ್ಲ.

ನಾನು ಹೋಗುವುದಾದರೆ ಅವೂ ಹೋಗಬೇಕು, ಬೇರೆ ದಾರಿ ಇರಲಿಲ್ಲ. ಭಾನುವಾರ ಮುಚ್ಚಳದ ಬಾಲ್ದಿಯಲ್ಲಿ ಎರಡನ್ನೂ ಹಾಕಿಕೊಂಡು ಲೋಕಲ್ ರೈಲು ಹತ್ತಿದೆ. ಧಾರಾವಿಯಲ್ಲಿ ಮುರ್ತುಜಾ ನನ್ನ ಕತೆಯೆಲ್ಲ ಕೇಳಿ ಮುಚ್ಚಳ ತೆಗೆದು ನೋಡಿದರು.

"ಮಿಷಿನ್ ಇರೋ ಟಾಕಿನ್ಯಾಗ ಬಿಡ್ರಿ, ಬದುಕ್ತಾವ. ನಿಮ್ಮ ಡಾಕ್ಟರ್ ಸಾಹೇಬರು ಏನ್ ಮಾಡಾಕತ್ಯಾರ?"

"ಸುತ್ತುತ್ತಿದ್ದಾರೆ."

"ಸುತ್ತಲಿ ಬಿಡ್ರಿ. ಕರೆಂಟ್ ಬಿಲ್ ಬರಂಗಿಲ್ಲ."

ನಾನು ಹಿಂದಿರುಗಿ ಕೊನೆಯ ಸಲ ನೀರು ಬದಲಿಸಿದೆ. ತೊಟ್ಟಿ ಕನ್ನಡಿಯ ಹಾಗೆ ಹೊಳೆಯಿತು. ದಾನಿಗಳು, ಅಧ್ಯಕ್ಷರು, ಸಮಿತಿಯವರು ಪರಿಶೀಲನೆಗೆ ಬಂದರು. ಇಷ್ಟು ಶುದ್ಧ ನೀರನ್ನು ಮುಂಬಯಿಯಲ್ಲೇ ಕಂಡಿಲ್ಲವೆಂದು ದಾನಿಗಳು ಕೈಮುಗಿದರು.

"ಮೀನೆಲ್ಲಿ?" ಎಂದರು ಅಧ್ಯಕ್ಷರು, ಸ್ವಲ್ಪ ಹೊತ್ತಿನ ಮೇಲೆ.

ರೋಶನ್ ನಡಿಗೆ ನಿಲ್ಲಿಸಲಿಲ್ಲ. "ಸರ್, ನನ್ನ ಸಂಶೋಧನೆಯ ಪ್ರಕಾರ, ಗಂದಗೀ, ಅಂದರೆ ಕೊಳೆ, ಬರುವುದೇ ಮೀನಿನಿಂದ. ಈಗ ಶೋಧನೆ ಪೂರ್ಣ."

ಸಮಿತಿ ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು. ರೋಶನ್ ಅವರಿಗೆ ಶಾಲು ಹೊದಿಸಿದರು. ಮುಂದೆ ಮೀನುತೊಟ್ಟಿಗೆ ಮೀನು ಬಿಡುವುದನ್ನು ನಿಷೇಧಿಸಲಾಯಿತು.

ನಾನು ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಾಗ ವಿನೋದಿನಕ್ಕ ಬಾಗಿಲಲ್ಲಿ ನಿಂತರು.

"ಏ ಐತ, ಹೋಗುವುದಾದ್ರೆ ಹೋಗು. ಬಾಲ್ದಿಗೆ ಬೇರೆ ಯಾರಾದ್ರೂ ಇದ್ದಾರಾ?"

"ಮೀನೇ ಇಲ್ಲವಲ್ಲ ಅಕ್ಕ."

"ಮೀನು ಬೇರೆ, ಹುದ್ದೆ ಬೇರೆ."

ಯಾರನ್ನಾದರೂ ಹುಡುಕಿ ಕಳಿಸುತ್ತೇನೆ ಎಂದು ಒಪ್ಪಿಕೊಂಡು ಹಾಸಿಗೆ ಸುತ್ತಿ ಹಗ್ಗ ಬಿಗಿದೆ.